ನಾಲ್ಕನೆಯ ಸೀಟಿನ ಸಿದ್ಧಾಂತ

ಇದೆಲ್ಲ ಹೀಗೆಯೇ ನಡೆಯಿತು ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. ನನ್ನ ನೆನಪಿನಲ್ಲಿ ಆ ಶನಿವಾರ ಮಳೆ ಸುರಿಯುತ್ತಿದೆ. ಆದರೆ ನಾವು ಪ್ರಾಜೆಕ್ಟ್ ಒಪ್ಪಿಸಿದ್ದು ಫೆಬ್ರವರಿಯಲ್ಲಿ. ಫೆಬ್ರವರಿಯಲ್ಲಿ ಮುಂಬಯಿಗೆ ಎಲ್ಲಿಯ ಮಳೆ? ಮೂರು ವರ್ಷ ಮಾಧ್ಯಮ ಅಧ್ಯಯನ ಓದಿದ್ದರ ಫಲ ಇರಬೇಕು: ಒಳ್ಳೆಯ ದೃಶ್ಯವೊಂದು ನೆನಪಾದರೆ ಸಾಕು, ತಲೆ ತಾನಾಗಿಯೇ ಅದಕ್ಕೊಂದಿಷ್ಟು ಮಳೆ, ಒಂದಿಷ್ಟು ಹಿನ್ನೆಲೆ ಸಂಗೀತ ಸೇರಿಸಿಬಿಡುತ್ತದೆ. ಆದ್ದರಿಂದ ಗೊತ್ತಿರುವುದನ್ನು ಗೊತ್ತೆಂದೂ, ಉಳಿದದ್ದನ್ನು ಅನುಮಾನವೆಂದೂ ಹೇಳುತ್ತ ಹೋಗುತ್ತೇನೆ.

ಗೊತ್ತಿರುವುದು ಇಷ್ಟು. ಅಂಧೇರಿಯ ಕಾಲೇಜಿನಲ್ಲಿ ನಾವು ಕೊನೆಯ ವರ್ಷದಲ್ಲಿದ್ದೆವು. ಮೂವರ ಗುಂಪು ಸೇರಿ ನಾಲ್ಕು ನಿಮಿಷದ ಮ್ಯೂಸಿಕ್ ವಿಡಿಯೋ ಮಾಡಬೇಕಿತ್ತು. ಅದಕ್ಕೂ ಮೊದಲು ಕಥೆಯ ಯೋಜನೆ ಬರೆದು ಕೊಡಬೇಕು, ಅದರ ಒಂದೊಂದು ನಿರ್ಧಾರಕ್ಕೂ ತರಗತಿಯಲ್ಲಿ ಓದಿದ ಸಿದ್ಧಾಂತದ ಆಧಾರ ತೋರಿಸಬೇಕು ಎಂಬುದು ನಮ್ಮ ಪ್ರೊಫೆಸರರ ಷರತ್ತು. ಕಥೆಯೆಂದರೆ ಮೊದಲು ಸಮತೋಲ, ಆಮೇಲೆ ಅದರ ಭಂಗ, ಕೊನೆಗೆ ಹೊಸದೊಂದು ಸಮತೋಲ. ಯಾವ ಕಥೆಯಲ್ಲೂ ಒಬ್ಬ ನಾಯಕ, ಒಬ್ಬ ಖಳ, ಒಬ್ಬ ಸಹಾಯಕ ಇದ್ದೇ ಇರುತ್ತಾರೆ. ಇವು ನಮಗೆ ಬಾಯಿಪಾಠವಾಗಿದ್ದವು. ನನಗಂತೂ ಬಾಯಿಪಾಠಕ್ಕಿಂತ ಹೆಚ್ಚೇ ಆಗಿತ್ತು. ಕ್ಯಾಂಟೀನಿನಲ್ಲಿ ವಡಾಪಾವ್ ತಡವಾಗಿ ಬಂದರೂ ಅದರಲ್ಲಿ ಭಂಗ ಯಾವುದು, ಖಳ ಯಾರು ಎಂದು ಹುಡುಕುವವನು ನಾನು.

ನಾನು ನಿರ್ದೇಶಕ. ಕ್ಯಾಮೆರಾ ಹಿಡಿಯುವವಳು ಒಬ್ಬ ಮರಾಠಿ ಹುಡುಗಿ. ಮಾತು ಕಡಿಮೆ, ಬೈಗುಳ ಜಾಸ್ತಿ. ಮೂರನೆಯವಳು ಹಾಡು ಬರೆದು ಹಾಡಿದವಳು. ಅವಳ ಮನೆತನ ಧಾರವಾಡದ ಕಡೆಯದು, ಮನೆ ಘಾಟ್ಕೋಪರಿನಲ್ಲಿ. ಕನ್ನಡವನ್ನು ತಡವರಿಸುತ್ತ ಮಾತಾಡುವ ಅವಳು ಹಾಡನ್ನು ಮಾತ್ರ ಕನ್ನಡದಲ್ಲೇ ಬರೆದಿದ್ದಳು. ಯಾಕೆಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ಚೆನ್ನಾಗಿ ನೆನಪಿದೆ: "ಮಮ್ಮಿ ಕೇಳ್ಬೇಕಲ್ಲ, ಇಸ್ಲಿಯೇ." ಆಕೆಯ ತಾಯಿ ಆ ಹಾಡನ್ನು ಆವರೆಗೆ ಒಂದು ಸಲವೂ ಪೂರ್ತಿ ಕೇಳಿರಲಿಲ್ಲ. ಇವಳು ಫೋನು ಹಿಡಿದು ಅಡುಗೆಮನೆಗೆ ಹೋದರೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಇಲ್ಲವೇ ಮಿಕ್ಸರ್ ತಿರುಗುತ್ತಿತ್ತು. "ಆಮ್ಯಾಲೆ ಕೇಳ್ತೇನಿ, ಮೊದ್ಲ ಅಡಿಗಿ ಆಗ್ಲಿ" ಎಂಬಲ್ಲಿಗೆ ಮುಗಿಯುತ್ತಿತ್ತು. ನನಗೂ ಕ್ಯಾಮೆರಾದವಳಿಗೂ ಅಂಕ ಬೇಕಿತ್ತು. ಇವಳಿಗೆ ಬೇಕಿದ್ದದ್ದು ಅಮ್ಮ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳುವುದು, ಅಷ್ಟೇ.

ಹಾಡಿನ ಮೊದಲ ಚರಣದಲ್ಲಿ ಒಬ್ಬ ಹುಡುಗಿ ಇಡೀ ಊರು ಸುತ್ತುತ್ತಾಳೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಇದಕ್ಕೆ ನಾನು ಹೆಣೆದ ಕಥೆಯನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಶಾಂತವಾದ ಮನೆ: ಸಮತೋಲ. ತಾಯಿ ಹಾಡು ಬೇಡವೆನ್ನುತ್ತಾಳೆ: ಭಂಗ. ಮಗಳು ಮನೆ ಬಿಟ್ಟು ಸಮುದ್ರದ ದಂಡೆಗೆ ಬಂದು ಗಾಳಿಗೆ ಕೂದಲು ಹಾರಿಸುತ್ತ ನಿಲ್ಲುತ್ತಾಳೆ: ಹೊಸ ಸಮತೋಲ. ಒಂದು ಭಾನುವಾರ ಅಂಧೇರಿಯಿಂದ ಮೆಟ್ರೋ ಹತ್ತಿ ಘಾಟ್ಕೋಪರಿಗೆ ಹೋಗಿ, ಹಾಡು ಬರೆದವಳ ಮನೆಯ ಹಾಲಿನಲ್ಲಿ ಕೂತು ಇದನ್ನೆಲ್ಲ ದೊಡ್ಡ ಚಾರ್ಟಿನ ಮೇಲೆ ಇಂಗ್ಲಿಷಿನಲ್ಲಿ ಬರೆದೆ. ಯಾರು ಯಾವ ಪಾತ್ರ ಎಂಬುದಕ್ಕೆ ಬೇರೆ ಬೇರೆ ಬಣ್ಣದ ಸ್ಕೆಚ್ ಪೆನ್ನು. ಚಾರ್ಟನ್ನು ಸ್ಟೀಲ್ ಕಪಾಟಿಗೆ ಅಂಟಿಸಿ, ಮೂವರೂ ಕೆಳಗೆ ಚಹಾ ಕುಡಿಯಲು ಹೋದೆವು. ತಾಯಿ ಮಾರ್ಕೆಟ್ಟಿಗೆ ಹೋಗಿದ್ದಾರೆ, ಬರುವುದು ತಡ ಎಂದು ಮಗಳು ಹೇಳಿದ್ದಳು.

ನಾವು ತಿರುಗಿ ಬಂದಾಗ ಆಕೆ ಕಪಾಟಿನ ಎದುರು ನಿಂತಿದ್ದರು. ಒಂದು ಕೈಯಲ್ಲಿ ತರಕಾರಿ ಚೀಲ, ಮೂಗಿನ ಮೇಲೆ ಕನ್ನಡಕ. ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹಡಗು ಏಜೆನ್ಸಿಯಲ್ಲಿ ಇಪ್ಪತ್ತಾರು ವರ್ಷದಿಂದ ಕ್ಲರ್ಕ್ ಆಗಿದ್ದವರು. ಇಂಗ್ಲಿಷ್ ಕಾಗದ ಓದುವುದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತಿತ್ತು. ಅವರ ಬೆರಳು ಕೆಂಪು ಪೆನ್ನಿನ ಸಾಲಿನ ಮೇಲೆ ನಿಂತಿತ್ತು. ಅಲ್ಲಿ ನಾನು ಬರೆದದ್ದು: ಖಳ, ತಾಯಿ.

"ಏನೋ ತಮ್ಮಾ," ಎಂದರು ನನ್ನತ್ತ ತಿರುಗಿ, "ನಾ ಖಳ ಏನು?"

"ಆಂಟಿ, ಅದು ನಿಮ್ಮ ಬಗ್ಗೆ ಅಲ್ಲ. ಸಿದ್ಧಾಂತದಲ್ಲಿ ಅದೊಂದು ಸ್ಥಾನ ಅಷ್ಟೇ. ಯಾರಾದರೂ ತುಂಬಬೇಕಲ್ಲ..."

"ಸ್ಥಾನ ಖಾಲಿ ಇತ್ತಂತ ನನ್ನ ಕುಂದ್ರಿಸಿದಿ?"

ಮಗಳ ಮುಖ ಬಿಳಿಚಿಕೊಂಡಿತ್ತು. "ಮಮ್ಮಿ, ಟೆಕ್ನಿಕಲ್ ವರ್ಡ್ ಐತಿ ಅದು, ಬಸ್. ನೀನು ಮನಸಿಗೆ ಹಚ್ಕೋಬ್ಯಾಡ."

ಆಕೆ ಚೀಲ ಕೆಳಗಿಟ್ಟು, ಮೆಂತ್ಯ ಸೊಪ್ಪಿನ ಕಟ್ಟು ಬಿಚ್ಚಿ, ನೆಲದ ಮೇಲೆ ಕೂತು ಸೋಸತೊಡಗಿದರು. ಒಂದೊಂದೇ ಎಲೆ ಬಿಡಿಸುತ್ತಿದ್ದ ರೀತಿ ನೋಡಿ ನನ್ನ ಅಂಕ, ಇವಳ ಹಾಡು, ಎರಡೂ ಅಲ್ಲಿಗೆ ಮುಗಿದವು ಎಂದುಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ನನ್ನ ಲೆಕ್ಕದಲ್ಲಿ ಅರ್ಧ ಗಂಟೆ. ಕ್ಯಾಮೆರಾದವಳ ಲೆಕ್ಕದಲ್ಲಿ ಎರಡು ನಿಮಿಷ.

"ಮತ್ತ, ಇಡೀ ಊರಾಗ ಯಾರೂ ಏನೂ ಕೇಳಂಗಿಲ್ಲ ಅಂತ ಬರ್ದೀರಲ್ಲ," ಎಂದರು ಕೊನೆಗೆ, ತಲೆ ಎತ್ತದೆ. ಮೊದಲ ಚರಣವನ್ನು ಚಾರ್ಟಿನ ಮೂಲೆಯಲ್ಲಿ ಬರೆದಿದ್ದೆವು. "ಯಾರ್ ಹೇಳಿದ್ರು ನಿಮಗ? ನನ್ನ ದಿನಾ ಸಂಜಿಕೆ ಹತ್ತು ಮಂದಿ ಕೇಳ್ತಾರ. ಎಲ್ಲಿ ಇಳೀತೀರಿ, ಎಲ್ಲಿ ಇಳೀತೀರಿ ಅಂತ."

ಕ್ಯಾಮೆರಾದವಳು ನಕ್ಕಳು. ಲೋಕಲ್ ರೈಲು ಹತ್ತಿದ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ನಿಂತವರು ಕೂತವರನ್ನು ಒಬ್ಬೊಬ್ಬರಾಗಿ ಕೇಳುತ್ತಾರೆ. ಬೇಗ ಇಳಿಯುವವರ ಸೀಟು ಮೊದಲು ಕೇಳಿದವರದು. ಅದಕ್ಕೆ ರಸೀತಿ ಇಲ್ಲ, ತಕರಾರೂ ಇಲ್ಲ. ಅದಕ್ಕಿಂತ ದೊಡ್ಡ ಕಟ್ಟಳೆ ನಾಲ್ಕನೆಯ ಸೀಟಿನದು. ಮೂವರ ಬೆಂಚು ಅದು. ಆದರೆ ನಾಲ್ಕನೆಯವರು ಬಂದು ನಿಂತು ಕೈಯಲ್ಲೊಂದು ಸಣ್ಣ ಸನ್ನೆ ಮಾಡಿದರೆ ಮೂವರೂ ಸರಿಯಬೇಕು. ನಾಲ್ಕನೆಯವರಿಗೆ ಸಿಗುವುದು ಅಂಚಿನಲ್ಲಿ ಒಂದು ಗೇಣು, ಆದರೂ ಅದು ಸೀಟೇ.

"ಮೂರು ಮಂದಿ ಕುಂತಿರ್ತೀವಿ. ಅದು ನಿನ್ನ ಸಮತೋಲ ಹೌದಲ್ಲ?" ಆಕೆ ಮೂರು ಮೆಂತ್ಯದ ಕಡ್ಡಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು. "ನಾಕನೇದಾಕಿ ಬಂದ್ಲು. ಭಂಗ." ಇನ್ನೊಂದು ಕಡ್ಡಿ. "ಸರದ್ವಿ. ಆಕಿನೂ ಕುಂತ್ಲು. ಹೊಸಾ ಸಮತೋಲ. ಇದಕ್ಕ ಖಳ ಯಾಕ ಬೇಕೋ ಹುಚ್ಚಪ್ಪಾ?"

ಈ ಮಾತು ಆಕೆಯದೇ ಎಂದು ಇವತ್ತು ಖಂಡಿತವಾಗಿ ಬರೆಯುತ್ತಿದ್ದೇನೆ. ಆದರೆ ಯೋಜನೆಯ ವರದಿಯಲ್ಲಿ ನಾನು ಬರೆದದ್ದು "ದೈನಂದಿನ ಜೀವನದ ಸೂಕ್ಷ್ಮ ಅವಲೋಕನದಿಂದ ನಿರ್ದೇಶಕರು ಕಂಡುಕೊಂಡಂತೆ" ಎಂದು. ಒಂದೆರಡು ವರ್ಷ ನಾನೇ ಅದನ್ನು ನಂಬಿಯೂ ಇದ್ದೆ.

ಚಾರ್ಟು ಕಪಾಟಿನಿಂದ ಇಳಿಯಿತು. ಸಮುದ್ರದ ದಂಡೆ ಹೋಯಿತು, ಹಾರುವ ಕೂದಲೂ ಹೋಯಿತು. ಹೊಸ ಯೋಜನೆ ಇಷ್ಟು: ಆಕೆಯೂ, ದಿನವೂ ರೈಲಿನಲ್ಲಿ ಜೊತೆಗೆ ಓಡಾಡುವ ಇಬ್ಬರು ಗೆಳತಿಯರೂ ಬೆಂಚಿನ ಮೇಲೆ ಕೂರುವುದು. ಮಗಳು ಮೊದಲ ಚರಣವನ್ನು ಬಾಗಿಲ ಬಳಿ ನಿಂತು ಹಾಡಿ, ದಾದರ್ ದಾಟಿದ ಮೇಲೆ ಬಂದು ನಾಲ್ಕನೆಯ ಸೀಟಿನಲ್ಲಿ ಕೂತು ಎರಡನೆಯ ಚರಣ ಹಾಡುವುದು. ಶನಿವಾರ ಆಕೆಯ ಆಫೀಸು ಅರ್ಧ ದಿನ; ಎರಡು ಗಂಟೆಯ ಸ್ಲೋ ಲೋಕಲ್ ಎಂದು ಗೊತ್ತುಮಾಡಿದೆವು.

"ಹಂಗಂದ್ರ ಹಾಡು ಪೂರಾ ಕೇಳ್ಬೇಕಾಗ್ತೈತಿ ನೀನು," ಎಂದಳು ಮಗಳು, ಆಸೆಯಿಂದ.

"ರೈಲಿನಾಗ ಕಿವಿ ಮುಚ್ಕೊಳ್ಳಾಕ ಬರ್ತೈತೇನು?"

ಇದು ಹೌದೋ ಅಲ್ಲವೋ ನಮಗೆ ತಿಳಿಯಲಿಲ್ಲ.

ಶನಿವಾರ ಸಿಎಸ್‌ಎಂಟಿ ನಿಲ್ದಾಣದಲ್ಲಿ ರೈಲು ಹತ್ತುವಾಗಷ್ಟೇ ನನ್ನ ಯೋಜನೆಯ ದೊಡ್ಡ ತೂತು ಕಂಡಿತು. ಬಣ್ಣಬಣ್ಣದ ಪೆನ್ನಿನಲ್ಲಿ ಒಂದೊಂದು ಶಾಟ್ ಬರೆದವನಿಗೆ ಇದೊಂದು ಹೊಳೆದಿರಲಿಲ್ಲ: ಅದು ಮಹಿಳೆಯರ ಡಬ್ಬಿ. ನಿರ್ದೇಶಕನಿಗೆ ಪ್ರವೇಶವಿಲ್ಲ.

"ಡೈರೆಕ್ಟರ್ ಸಾಹೇಬ್, ಬಾಜೂವಾಲಾ ಡಬ್ಬಾ," ಎಂದು ಕ್ಯಾಮೆರಾದವಳು ಪಕ್ಕದ ಡಬ್ಬಿಯತ್ತ ಕೈ ತೋರಿಸಿ ಒಳಗೆ ಹೋದಳು. ಅವಳ ಕ್ಯಾಮೆರಾ ಎಂದರೆ ಮೊಬೈಲು. ಹಾಡು ನುಡಿಸಲು ಅಂಗೈಯಗಲದ ಒಂದು ಸ್ಪೀಕರು. ನಾನು ಓಡಿಹೋಗಿ ಪಕ್ಕದ ಡಬ್ಬಿ ಹತ್ತಿದೆ. ಎರಡರ ನಡುವಿನ ಗೋಡೆಯಲ್ಲಿ ಕಬ್ಬಿಣದ ಸರಳುಗಳ ಕಿಂಡಿಯಿತ್ತು. ಅದಕ್ಕೆ ಮುಖ ಅಂಟಿಸಿ ನಿಂತೆ.

ಮೊದಲ ಚರಣ ಸೊಗಸಾಗಿ ಬಂತು. ಮಗಳು ಬಾಗಿಲ ಕಂಬ ಹಿಡಿದು ಹಾಡಿಗೆ ತುಟಿ ಆಡಿಸಿದಳು, ಗಾಳಿಗೆ ಅವಳ ಓಢಣಿ ಹಾರಿತು. ನಾನು ಸರಳಿನ ಈಚೆಯಿಂದ "ಎಡಕ್ಕೆ! ಸ್ವಲ್ಪ ಎಡಕ್ಕೆ!" ಎಂದು ಕೂಗುತ್ತಿದ್ದೆ. ಒಳಗಿದ್ದ ಹೆಂಗಸರು ಹುರಳಿಕಾಯಿ ಮುರಿಯುತ್ತ ತಮಾಷೆ ನೋಡುತ್ತಿದ್ದರು.

ದಾದರ್ ಬಂತು. ಒಂದು ದೊಡ್ಡ ಅಲೆಯೇ ಒಳನುಗ್ಗಿತು. ಮಗಳು ಬಾಗಿಲಿಂದ ಬೆಂಚಿನ ಹತ್ತಿರ ಬರುವಷ್ಟರಲ್ಲಿ, ಸೀರೆಯಂಗಡಿಯ ಎರಡು ಚೀಲ ಹಿಡಿದ ಹೆಂಗಸೊಬ್ಬಳು ಬಂದು, ಕೈಯಲ್ಲಿ ಆ ಸಣ್ಣ ಸನ್ನೆ ಮಾಡಿ, ನಾಲ್ಕನೆಯ ಸೀಟಿನಲ್ಲಿ ಕೂತೇಬಿಟ್ಟಳು. ತಾಯಿಯೂ ಗೆಳತಿಯರೂ ಅಭ್ಯಾಸಬಲದಿಂದ ಸರಿದಿದ್ದರು! ಯಾರಿಗಾಗಿ ಸರಿಯಬೇಕಿತ್ತು ಎಂಬುದು ಸರಿದ ಮೇಲೆ ಅವರಿಗೆ ನೆನಪಾಯಿತು.

"ಅಯ್ಯ! ನನ್ನ ಮಗಳ ಸೀಟ್ ಅದು," ಎಂದು ಆಕೆ ಕನ್ನಡದಲ್ಲೇ ಉದ್ಗರಿಸಿ, ಹಿಂದಿಗೆ ಹೊರಳಿದರು. "ಬೆಹನ್‌ಜೀ, ಕಹಾಂ ಉತರ್‌ನಾ ಹೈ?"

"ಕುರ್ಲಾ."

"ಠೀಕ್ ಹೈ. ಕುರ್ಲಾ ಕೆ ಬಾದ್ ಯೇ ಲಡ್ಕೀ ಬೈಠೇಗೀ. ಔರ್ ಕೋಯೀ ನಹೀಂ." ಕುರ್ಲಾ ಆದಮೇಲೆ ಆ ಜಾಗ ಮಗಳದೇ ಎಂದು ಸುತ್ತ ನಿಂತವರಿಗೆಲ್ಲ ಕೇಳುವಂತೆ ಸಾರಿದರು. ಯಾರೂ ಎದುರಾಡಲಿಲ್ಲ. ಕಟ್ಟಳೆ ಎಂದರೆ ಕಟ್ಟಳೆ.

ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಕುರ್ಲಾ ಆದಮೇಲೆ ವಿದ್ಯಾವಿಹಾರ್, ಆಮೇಲೆ ಘಾಟ್ಕೋಪರ್. ಎಲ್ಲರೂ ಇಳಿಯುವುದು ಅಲ್ಲೇ. ಎರಡನೆಯ ಚರಣಕ್ಕೆ ಸಿಗುವುದು ಒಂದೇ ಅವಕಾಶ. ನಾನು ಸರಳಿಗೆ ಇನ್ನಷ್ಟು ಅಂಟಿಕೊಂಡು "ಒಂದೇ ಟೇಕ್! ಒಂದೇ ಟೇಕ್!" ಎಂದು ಕಿರುಚಿದೆ. ಆಗ ಕಿಂಡಿಯ ಆಚೆಯಿಂದ ಯಾರೋ ಹೆಂಗಸಿನ ದಪ್ಪ ದನಿ ಎದ್ದಿತು. "ಏ! ಕ್ಯಾ ದೇಖ್ ರಹಾ ಹೈ ಇಧರ್? ಶರಮ್ ನಹೀಂ ಆತೀ?"

ಪರದೆಯ ಮೇಲಿನ ಹೆಣ್ಣನ್ನು ಗಂಡಿನ ಕಣ್ಣು ನೋಡುವ ಬಗೆಯ ಕುರಿತು ನಾನು ಅದೇ ವಾರ ಆರು ಪುಟ ಬರೆದಿದ್ದೆ. ಆರು ಪುಟದಲ್ಲಿ ಕಲಿಯದ್ದನ್ನು ಆ ಹೆಂಗಸು, ಇತ್ತ ಏನು ನೋಡುತ್ತೀ, ನಾಚಿಕೆಯಿಲ್ಲವೇ ಎಂದು ಕೇಳಿ ಒಂದೇ ಉಸಿರಿನಲ್ಲಿ ಕಲಿಸಿದಳು. "ಹಮಾರಾ ಡೈರೆಕ್ಟರ್ ಹೈ ಆಂಟೀ, ಥೋಡಾ ಪಾಗಲ್ ಹೈ" ಎಂದು ಕ್ಯಾಮೆರಾದವಳು ಸಮಾಧಾನ ಹೇಳುವುದು ಕೇಳಿಸಿತು. ನನ್ನ ಡಬ್ಬಿಯ ಗಂಡಸರೆಲ್ಲ ನಗುತ್ತಿದ್ದರು. ಕಿವಿ ಬಿಸಿಯಾಗಿ, ಕಿಂಡಿಗೆ ಬೆನ್ನು ಹಾಕಿ, ಹೊರಗಿನ ಹಳಿಗಳನ್ನು ನೋಡುತ್ತ ನಿಂತೆ. ಕುರ್ಲಾದಲ್ಲೂ ತಿರುಗಲಿಲ್ಲ.

ಅಂದರೆ ಎರಡನೆಯ ಚರಣದ ಚಿತ್ರೀಕರಣವನ್ನು ನಾನು ನೋಡಿಯೇ ಇಲ್ಲ. ಆದರೂ ಕಣ್ಣು ಮುಚ್ಚಿದರೆ ಅದು ಸ್ಪಷ್ಟವಾಗಿ ಕಾಣುತ್ತದೆ: ಚೀಲದ ಹೆಂಗಸು ಎದ್ದದ್ದು, ತಾಯಿ ಖಾಲಿಯಾದ ಆ ಗೇಣಗಲದ ಜಾಗದ ಮೇಲೆ ಅಂಗೈ ಒತ್ತಿ ಹಿಡಿದದ್ದು, ಮಗಳು ಕೂತು ಹಾಡಿದ್ದು. ಇದು ನೆನಪಲ್ಲ. ಸಂಕಲನ ಮಾಡುವಾಗ ನೂರು ಸಲ ನೋಡಿದ ವಿಡಿಯೋ, ನೆನಪಿನ ವೇಷ ಹಾಕಿಕೊಂಡು ಬಂದು ಕೂತಿದೆ.

ಘಾಟ್ಕೋಪರಿನ ಸೇತುವೆಯ ಮೇಲೆ ನಾವೆಲ್ಲ ಮತ್ತೆ ಸೇರಿದಾಗ ಮಗಳು ಏದುಸಿರು ಬಿಡುತ್ತ ಕೇಳಿದಳು, "ಮಮ್ಮಿ, ಕೇಳಿದ್ಯಾ? ಪೂರಾ?"

"ಆ ಗದ್ದಲದಾಗ ಏನ್ ಕೇಳಸ್ತೈತಿ," ಎಂದರು ಆಕೆ. "ನಡೀರಿ, ಈ ಡೈರೆಕ್ಟರ್‌ಗ ಮೊದ್ಲ ಏನರ ತಿನ್ನಾಕ ಕೊಡೂಣು. ಮಂದಿ ಬೈದು ಬೈದು ಹುಡುಗ ಒಣಗ್ಯಾನ." ಮನೆಯಲ್ಲಿ ಮೆಂತ್ಯದ ಥಾಲಿಪೆಟ್ಟು, ಮೇಲೆ ಬೆಣ್ಣೆ. ನಾನು ಐದು ತಿಂದೆ ಎಂದು ನನ್ನ ನೆನಪು. ಏಳು ಎಂದು ಉಳಿದವರು. ಮಗಳು ನಗುತ್ತಲೇ ಬಡಿಸುತ್ತಿದ್ದಳು, ನಡುನಡುವೆ ಅಮ್ಮನ ಮುಖ ನೋಡುತ್ತಿದ್ದಳು.

ಮೌಖಿಕ ಪರೀಕ್ಷೆಯಲ್ಲಿ ಪ್ರೊಫೆಸರರು ವಿಡಿಯೋ ನೋಡಿ, "ಎಲ್ಲ ಸರಿ, ಖಳ ಎಲ್ಲಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು "ದಾದರ್ ಸ್ಟೇಷನ್, ಸರ್" ಎಂದಳು. ಅವರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡು ಒಳ್ಳೆಯ ಅಂಕವನ್ನೇ ಕೊಟ್ಟರು. ಹೊರಗೆ ಬಂದು ಕಾರಿಡಾರಿನಲ್ಲಿ ಮೂವರೂ ಕುಣಿದೆವು. ಇಷ್ಟಾದರೂ ಮಗಳು ಆಮೇಲೆ ಎಷ್ಟೋ ಸಲ ಹೇಳುತ್ತಿದ್ದಳು: "ಊರಿಗೆಲ್ಲ ಕೇಳ್ಸಿದೆ, ಯಾರ್ ಸಲುವಾಗಿ ಬರ್ದೆನೋ ಅವ್ರೇ ಕೇಳ್ಲಿಲ್ಲ." ನಗುತ್ತಲೇ ಹೇಳುತ್ತಿದ್ದಳು, ಆದರೆ ಹೇಳುವುದನ್ನು ಬಿಡಲಿಲ್ಲ.

ಇದನ್ನು ಬರೆಯಲು ಕೂತಾಗ ನನ್ನ ಮೇಲೆ ನನಗೇ ನಂಬಿಕೆ ಸಾಲದೆ, ಈಗ ಅಂಧೇರಿಯಲ್ಲಿ ಜಾಹೀರಾತು ಸಂಕಲನ ಮಾಡುವ ಕ್ಯಾಮೆರಾದವಳಿಗೆ ಫೋನು ಮಾಡಿ, ಕತ್ತರಿಸದ ಮೂಲ ತುಣುಕುಗಳನ್ನು ಕೇಳಿದೆ. ಬೈದುಕೊಂಡೇ ಕಳಿಸಿದಳು. ಎರಡನೆಯ ಚರಣಕ್ಕೆ ನಾವು ಮಗಳ ಮುಖವನ್ನಷ್ಟೇ ಹತ್ತಿರ ತಂದು ಕತ್ತರಿಸಿದ್ದೆವು; ಬೇರೆ ಯಾರ ಮುಖವನ್ನೂ ಆಗ ಗಮನಿಸಿರಲಿಲ್ಲ. ಮೂಲದಲ್ಲಿ ಇಡೀ ಬೆಂಚು ಇದೆ. ಆ ಚರಣವನ್ನು ನಾವು ಯಾವ ಚಾರ್ಟಿನಲ್ಲೂ ಬರೆದಿರಲಿಲ್ಲ. ಅದು ಇದ್ದದ್ದು ಮಗಳ ಫೋನಿನಲ್ಲಿ, ಮತ್ತು ಅವಳು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡುತ್ತಿದ್ದ ಅಭ್ಯಾಸದಲ್ಲಿ. ತುಣುಕನ್ನು ದನಿ ಇಲ್ಲದೆ ಎರಡು ಸಲ, ದನಿಯೊಂದಿಗೆ ಮೂರು ಸಲ ನೋಡಿದೆ. ಆಮೇಲೆ ಮಗಳಿಗೂ ಕಳಿಸಿದೆ. ಅವಳೂ ನೋಡಿ ಹೌದೆಂದಳು. ಕುರ್ಲಾದಿಂದ ವಿದ್ಯಾವಿಹಾರದವರೆಗೆ, ಆ ಚರಣದ ಎಂಟೂ ಸಾಲುಗಳಿಗೆ, ಮಗಳ ಪಕ್ಕದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ ತಾಯಿಯ ತುಟಿಗಳೂ ಒಂದು ಶಬ್ದ ತಪ್ಪದೆ ಆಡುತ್ತಿವೆ.