ಅಪ್ಪ ತೆರೆದ ಗೇಟು

ಹತ್ತು ವರ್ಷದ ಹಿಂದಿನ ಮಾತು. ಸಿಡ್ನಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೆ. ಜೊತೆಗೆ ಮೈನರ್ ಅಂತ ಇನ್ನೊಂದು ವಿಷಯ ಬೇಕಿತ್ತು, ದೇಶದ ಭದ್ರತೆ ಆರಿಸಿಕೊಂಡೆ. ದೇಶಪ್ರೇಮ ಗೀಶಪ್ರೇಮ ಏನೂ ಅಲ್ಲ, ಕೇಳಿದವರು ಹುಬ್ಬೇರಿಸಲಿ ಎಂಬ ಆಸೆ ಅಷ್ಟೆ. ನಾವಿದ್ದ ಬಡಾವಣೆ ಕ್ವೇಕರ್ಸ್ ಹಿಲ್‌ನ ಕನ್ನಡದ ಅಂಕಲ್‌ಗಳು ಮಾತ್ರ, ಮಗಳೂ ಅಪ್ಪನ ಕೆಲಸವನ್ನೇ ಓದುತ್ತಿದ್ದಾಳೆ ಎಂದು ನಗುತ್ತಿದ್ದರು. ಹಾಸನದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ಅಪ್ಪ, ಅಮ್ಮನ ನರ್ಸ್ ಕೆಲಸದ ವೀಸಾದಲ್ಲಿ ಇಲ್ಲಿಗೆ ಬಂದ ಮೇಲೆ, ನಾರ್ತ್ ಸಿಡ್ನಿಯ ಒಂದು ಕಟ್ಟಡದಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದರು. ಕ್ಲಾಸಿನಲ್ಲಿ ಯಾರಾದರೂ ಕೇಳಿದರೆ, ಅಪ್ಪ ನಾರ್ತ್ ಸಿಡ್ನಿಯ ಆಫೀಸಿನಲ್ಲಿದ್ದಾರೆ ಎನ್ನುತ್ತಿದ್ದೆ. ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಎರಡನೇ ವರ್ಷ ಒಂದು ಪ್ರಾಕ್ಟಿಕಲ್ ಬಂತು. ಪಾಸ್ ಇಲ್ಲದ ಹೊರಗಿನವರು ಕಟ್ಟಡದೊಳಗೆ ನುಗ್ಗಬಹುದೇ ಎಂದು ಪರೀಕ್ಷಿಸಿ ರಿಪೋರ್ಟ್ ಬರೆಯಬೇಕು. ಕಟ್ಟಡದ ಮ್ಯಾನೇಜರ್ ಒಪ್ಪಿರುತ್ತಾರೆ, ಗಾರ್ಡಿಗೆ ಗೊತ್ತಿರುವುದಿಲ್ಲ. ನಮ್ಮ ಗುಂಪಿನ ಪಾಲಿಗೆ ಬಂದದ್ದು ಅಪ್ಪನ ಕಟ್ಟಡ. ಅಲ್ಲಿರುವುದು ನಮ್ಮಪ್ಪ ಎಂದು ಲೆಕ್ಚರರಿಗೆ ಒಂದು ಮಾತು ಹೇಳಿದ್ದರೆ ಬೇರೆ ಕಟ್ಟಡ ಕೊಡುತ್ತಿದ್ದರು. ಆ ಒಂದು ಮಾತಿಗೆ ನನ್ನ ನಾಲಿಗೆ ಏಳಲಿಲ್ಲ. ಅಪ್ಪನಿಗಾದರೂ ಮನೆಯಲ್ಲಿ ಹೇಳಬಹುದಿತ್ತು. ಹೇಳಿದರೆ ಪರೀಕ್ಷೆ ಕೆಡುತ್ತದೆಂದು ಅಲ್ಲಿ ನನಗೆ ಎಲ್ಲಿಲ್ಲದ ಪ್ರಾಮಾಣಿಕತೆ ಬಂದುಬಿಟ್ಟಿತು.

ಎರಡೂ ಕೈಯಲ್ಲಿ ಕಾಫಿ ಟ್ರೇ ಹಿಡಿದ ಹುಡುಗಿಯನ್ನು ಯಾರೂ ತಡೆಯುವುದಿಲ್ಲ ಎಂಬುದು ಗೆಳೆಯರ ಉಪಾಯ, ಆ ಹುಡುಗಿ ನಾನು. ಅವರು ಗಾಜಿನ ಬಾಗಿಲ ಹತ್ತಿರವೇ ನಿಂತು ನೋಡುತ್ತಿದ್ದರು. ಅಪ್ಪ ತಲೆಯೆತ್ತಿದರು. ನನ್ನನ್ನು ಕಂಡು ಅವರ ಮುಖ ಅರಳಿತು. ಆಮೇಲೆ ನನ್ನ ಹಿಂದಿದ್ದ ಗೆಳೆಯರ ಮೇಲೆ ಕಣ್ಣು ಬಿತ್ತು, ಮುಖವನ್ನು ಮೊದಲಿನಂತೆ ಮಾಡಿಕೊಂಡರು. ಏನೂ ಕೇಳದೆ ಬಟನ್ ಒತ್ತಿ ಗೇಟು ತೆರೆದರು. ಹೆತ್ತ ಅಪ್ಪನಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ ಯೂ ಹೇಳಿ ನಾನು ಒಳಗೆ ಹೋದೆ.

ರಿಪೋರ್ಟ್ ಬರೆದದ್ದೂ ನಾನೇ. 'ಗಾರ್ಡ್ ಅಪರಿಚಿತ ಯುವತಿಯೊಬ್ಬಳನ್ನು ಪಾಸ್ ಕೇಳದೆ ಒಳಗೆ ಬಿಟ್ಟರು' ಎಂದು ಟೈಪ್ ಮಾಡುವಾಗ ಕೈ ನಡುಗಿತು ಎಂದು ಬರೆಯಲು ಆಸೆಯಾಗುತ್ತದೆ. ನಡುಗಲಿಲ್ಲ. ಕ್ಲಾಸಿಗೇ ಹೆಚ್ಚಿನ ಅಂಕ ಬಂತು. ಮುಂದೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಗಲು ಆ ಅಂಕವೂ ನೆರವಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ರಿಪೋರ್ಟಿನ ಪ್ರತಿ ಮ್ಯಾನೇಜರಿಗೂ ಹೋಯಿತು. ಎರಡು ವಾರದಲ್ಲಿ ಅಪ್ಪನನ್ನು ಊರಾಚೆಯ ಗೋದಾಮಿಗೆ ಹಾಕಿದರು. ಅಲ್ಲಿಗೆ ಹೋಗಲು ಎರಡು ರೈಲು, ಒಂದು ಬಸ್ಸು. ತಪ್ಪು ನನ್ನದೇ, ಪಾಸ್ ನೋಡಬೇಕಿತ್ತು ಎಂದಷ್ಟೇ ಅಪ್ಪ ಅಮ್ಮನಿಗೆ ಹೇಳಿದರು. ಅಮ್ಮ ಡ್ಯೂಟಿಗೆ ಹೋದ ಮೇಲೆ ನಾನು ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಕೊಂಡೆ. ಅಪ್ಪನಿಗೆ ಆಗಲೇ ಗೊತ್ತಿತ್ತು. ವಿಚಾರಣೆಯಲ್ಲಿ ಮ್ಯಾನೇಜರ್ ವಿದ್ಯಾರ್ಥಿಗಳ ರಿಪೋರ್ಟಿನ ಆ ಸಾಲನ್ನು ಓದಿ ಹೇಳಿದ್ದರಂತೆ. ಆ ಹುಡುಗಿ ಯಾರೋ ನನಗೆ ಗೊತ್ತಿಲ್ಲ ಎಂದು ಅಪ್ಪ ಸಹಿ ಮಾಡಿ ಬಂದಿದ್ದರು.

"ಮಗಳು ಅಂತ ಹೇಳಿದ್ರೆ ಅಲ್ಲೇ ಇಟ್ಕೋತಿದ್ರೇನೋ. ಯಾಕಪ್ಪಾ ಹೇಳ್ಲಿಲ್ಲ?" ಅಂದೆ.

ಅಪ್ಪ ನನ್ನ ಕಡೆ ತಿರುಗಿದರು.

"ಹೇಳ್ಬಹುದಿತ್ತಾ, ಮಗಳೇ?"

ಅದರಲ್ಲಿ ಕೊಂಕಿರಲಿಲ್ಲ. ಅಪ್ಪ ನಿಜವಾಗಿಯೇ ಕೇಳುತ್ತಿದ್ದರು.