ಪಾತೇಲಿ ಖಾಲಿಯಾಗುವ ಮೊದಲು

ಇಳಕಲ್ಲಿನ ಹೊಳಬಸಪ್ಪ ದಿನವೆಲ್ಲ ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ ಇರುತ್ತಿದ್ದ. ಅವನದು ಕುಣಿಮಗ್ಗ. ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತರೆ ಎದುರಿಗೆ ಸೀರೆ, ಸೀರೆಯ ಆಚೆ ಗೋಡೆ. ಒಂದು ಕಾಲಿನಿಂದ ಕೆಳಗಿನ ಹಲಗೆ ಒತ್ತಬೇಕು, ನೂಲಿನ ಲಾಳಿ ಎಸೆಯಬೇಕು, ಎಳೆ ಕೂಡಲು ಹಣಿಗೆ ಎಳೆದು ಬಡಿಯಬೇಕು. ಆಮೇಲೆ ಇನ್ನೊಂದು ಕಾಲು. ಮೂರನೆಯ ಇಯತ್ತೆ ಬಿಟ್ಟು ಕುಣಿಗೆ ಇಳಿದವನು, ಮೀಸೆಯಲ್ಲಿ ಬಿಳಿ ಕೂದಲು ಬಂದರೂ ಅದನ್ನೇ ಮಾಡುತ್ತಿದ್ದ. ಬೇಸರ ಅಂದವನಲ್ಲ. ಆದರೆ ಸಂಕ್ರಾಂತಿ ಮುಗಿದ ಮೇಲೆ ಬರುವ ಒಂದು ಶನಿವಾರ, ಒಂದು ಆದಿತ್ಯವಾರ ಮಾತ್ರ ಯಾರು ಏನೇ ಅಂದರೂ ಮಗ್ಗಕ್ಕೆ ಇಳಿಯುತ್ತಿರಲಿಲ್ಲ. ಆ ಎರಡು ದಿನ ಅವನು ಸೈಕಲ್ಲಿನವನು.

ಸೈಕಲ್ ರೇಸು ಹೂಡಿದವನು ರಿಪೇರಿ ಅಂಗಡಿಯ ಮಕ್ತುಮಸಾಬ. ಅದು ಡಬಲ್ ಸೀಟ್ ರೇಸು. ಒಬ್ಬ ತುಳಿಯಬೇಕು, ಒಬ್ಬ ಹಿಂದೆ ಕ್ಯಾರಿಯರ್ ಮೇಲೆ ಕೂಡಬೇಕು. ಶನಿವಾರ ಹರಟೆ ಹೊಡೆಯುತ್ತ ಹುನಗುಂದ ದಾಟಿ ಅಮೀನಗಡಕ್ಕೆ ಹೋಗುವುದು, ಗುಡಿಯ ಪಡಸಾಲೆಯಲ್ಲಿ ಮಲಗುವುದು, ಆದಿತ್ಯವಾರ ಮುಂಜಾನೆ ಅಲ್ಲಿಂದ ಇಳಕಲ್ಲಿಗೆ ರೇಸು. ಮುಟ್ಟುವ ಜಾಗ ಬಸಲಿಂಗವ್ವನ ಖಾನಾವಳಿ.

ಯಾರ ಕೈಯಲ್ಲೂ ಗಡಿಯಾರ ಇರಲಿಲ್ಲ. ಬಸಲಿಂಗವ್ವನ ಅಡಿಗೆಯ ದೊಡ್ಡ ಪಾತ್ರೆ, ಆ ಪಾತೇಲಿಯೇ ಗಡಿಯಾರ. ಮೊದಲ ಸೈಕಲ್ ಬಂದ ಕೂಡಲೇ ಆಕೆ ಚುರುಮರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ ಬಡಿಸಲು ಕೂಡುತ್ತಿದ್ದಳು. ಬಂದವರು ಬೇಕಾದಷ್ಟು ತಿನ್ನಬಹುದು. ಪಾತೇಲಿ ಖಾಲಿಯಾಗುವ ಮೊದಲು ಬಂದವರು ಮುಟ್ಟಿದವರು, ಆಮೇಲೆ ಬಂದವರು ಮುಟ್ಟದವರು. ಸಾಲಾಗಿ ಮೂರು ವರ್ಷ ಮುಟ್ಟದವನು ಸೈಕಲ್ ಇಳಿದು ಗಂಟಿನವ ಆಗಬೇಕು. ಅಂದರೆ ಎಲ್ಲರ ಹಾಸಿಗೆ ಗಂಟು, ಬುತ್ತಿ ಗಂಟು ಹೊತ್ತು ಬಸ್ಸಿನಲ್ಲಿ ಬರಬೇಕು. ಹೊಸ ಗಂಟಿನವ ಸಿಕ್ಕರೆ ಹಳಬನಿಗೆ ಮತ್ತೆ ಸೈಕಲ್.

ಆಗಿನ ಗಂಟಿನವ ಕಿರಾಣಿ ಅಂಗಡಿಯ ಹನಮಪ್ಪ. ಹೊಳಬಸಪ್ಪ ಎರಡು ವರ್ಷ ಮುಟ್ಟಿರಲಿಲ್ಲ. ಎಪ್ಪತ್ತೊಂಬತ್ತನೆಯ ಇಸವಿಯದು ಮೂರನೆಯದು.

ಶನಿವಾರ ಮುಂಜಾನೆ ಮಕ್ತುಮಸಾಬನ ಅಂಗಡಿಯ ಮುಂದೆ ಗಂಟು ಕಟ್ಟುತ್ತ ಹನಮಪ್ಪ ನಕ್ಕ.

"ಬಾರಲೇ ಹೊಳಬಸು. ಗಂಟು ಹೆಂಗ ಕಟ್ಟೋದು ನೋಡಿ ಕಲಕೋ. ಮುಂದಿನ ವರ್ಷ ನಿನಗ ಬೇಕಾಕ್ಕೈತಿ. ಬಸ್ಸಿನ್ಯಾಗ ಕಿಡಕಿ ಸೀಟು ಹೆಂಗ ಹಿಡೀಬೇಕಂತನೂ ಹೇಳಿಕೊಡ್ತೇನಿ."

ಹೊಳಬಸಪ್ಪ ಚೈನಿಗೆ ಎಣ್ಣೆ ಬಿಟ್ಟ. ಬಸ್ಸಿನಲ್ಲಿ ಹೋದರೂ ಅದೇ ರಸ್ತೆ, ಅದೇ ಜೋಳದ ಹೊಲ ಕಾಣುತ್ತವೆ. ಆದರೆ ಬಸ್ಸಿನಲ್ಲಿ ಕೂಡಬೇಕು. ಕೂಡುವುದು ಅವನಿಗೆ ವರ್ಷವೆಲ್ಲ ಇತ್ತು.

ಅವನ ಹಿಂದಿನ ಸೀಟು ತಿಮ್ಮಣ್ಣನದು. ತಿಮ್ಮಣ್ಣನಿಗೆ ಹಿಟ್ಟಿನ ಗಿರಣಿ ಇತ್ತು, ಜೋಳದ ಚೀಲದಂಥ ಮೈಯೂ ಇತ್ತು. ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಬೇರೆ ಯಾರೂ ಅವನನ್ನು ಕೂಡಿಸಿಕೊಳ್ಳುತ್ತಿರಲಿಲ್ಲ. ಹೊಳಬಸಪ್ಪ ಕೂಡಿಸಿಕೊಳ್ಳುತ್ತಿದ್ದ. ಸಾಲೆಯಲ್ಲಿ ಇಬ್ಬರದೂ ಒಂದೇ ಹಲಗೆ.

"ನನ್ನ ಕಟಗೊಂಡ ನೀ ಕೆಟ್ಟೆಲೇ" ಅಂದ ತಿಮ್ಮಣ್ಣ.

"ಕುಂಡ್ರು ಸುಮ್ಕ."

ಹೊಳಬಸಪ್ಪನ ಸೈಕಲ್ಲಿಗೊಂದು ಚಾಳಿ ಇತ್ತು. ಅದು ನೆಟ್ಟಗೆ ಓಡುತ್ತಿರಲಿಲ್ಲ, ಜಗ್ಗಿ ಜಗ್ಗಿ ಓಡುತ್ತಿತ್ತು. ಮಕ್ತುಮಸಾಬ ಚೈನು ಬದಲಿಸಿದ್ದ, ಹಿಂದಿನ ಗಾಲಿ ಬಿಚ್ಚಿ ಜೋಡಿಸಿದ್ದ, ಪೆಡಲು ಹೊಸದು ಹಾಕಿದ್ದ. ಆದರೂ ಹೋಗಿರಲಿಲ್ಲ. ಅದು ಮಾವ ಲಗ್ನದಲ್ಲಿ ಕೊಟ್ಟ ಸೈಕಲ್. ಲಗ್ನವಾಗಿ ಹೆಂಡತಿ ಸಿದ್ದವ್ವನನ್ನು ಹುನಗುಂದದಿಂದ ಕರೆತಂದಾಗಲೂ ಹಾಗೇ ಓಡಿತ್ತು. ಆಕೆ ಗಂಡನಿಗೆ ಆಡಿದ ಮೊದಲ ಮಾತೇ ಅದು: "ನಿಮ್ಮ ಸೈಕಲ್ ಕುಂಟತೈತ್ರಿ."

ಆ ವಾರ ಸಿದ್ದವ್ವ ಹುನಗುಂದದ ತವರಿನಲ್ಲಿದ್ದಳು. ಆಕೆಯ ತಾಯಿ ಹುಚ್ಚವ್ವನಿಗೆ ಮೊಣಕಾಲು ನೋವು. ಮನೆ ರಸ್ತೆಗೇ ಹತ್ತಿತ್ತು. ಮಧ್ಯಾಹ್ನ ಸೈಕಲ್ಲುಗಳು ಅಲ್ಲಿ ನಿಂತವು. ಸಿದ್ದವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ತಿಮ್ಮಣ್ಣ ಎರಡು ತಂಬಿಗೆ ಕುಡಿದ.

"ಈ ಸಲ ಮುಟ್ತೀರಿಲ್ರಿ?" ಎಂದು ಗಂಡನನ್ನು ಮೆಲ್ಲಗೆ ಕೇಳಿದಳು.

"ನೋಡೂಣು."

"ನೋಡೂಣು ಅನಬ್ಯಾಡ್ರಿ. ವರ್ಷದಾಗ ಒಂದ ದಿನ ನೀವು ಶೀಟಿ ಹಾಕ್ಕೊಂತ ಮನಿಗೆ ಬರ್ತೀರಿ. ಗಂಟು ಹೊತ್ತವರು ಶೀಟಿ ಹಾಕಾಂಗಿಲ್ಲ."

ದಾರಿಯಲ್ಲಿ ಪರಿಚಯದವರ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿಂದರು. ಸಂಜೆ ಅಮೀನಗಡದಲ್ಲಿ ಕರದಂಟು ಕೊಂಡರು. ಮಲಗುವವರೆಗೆ ನಗೆಚಾಟಿಕೆ ನಡೆಯಿತು. ಮಕ್ತುಮಸಾಬ ತನ್ನ ಲಗ್ನದಲ್ಲಿ ಕುದುರೆ ಹೆದರಿ ಓಡಿಹೋಗಿ ಸೈಕಲ್ ಮೇಲೆ ಮೆರವಣಿಗೆಯಾದ ಕಥೆ ಹೇಳಿದ. ಅದನ್ನು ಪ್ರತಿ ವರ್ಷ ಹೇಳುತ್ತಿದ್ದ, ಪ್ರತಿ ವರ್ಷ ಕುದುರೆ ಇನ್ನಷ್ಟು ದೂರ ಓಡುತ್ತಿತ್ತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಿಮ್ಮಣ್ಣ ನಗುತ್ತಲೇ ಕರದಂಟು ತಿನ್ನುತ್ತಿದ್ದ. ತನ್ನದು ಮುಗಿಸಿ ಹೊಳಬಸಪ್ಪನದಕ್ಕೂ ಕೈ ಹಾಕಿದ.

ಆದಿತ್ಯವಾರ ಬೆಳಕು ಹರಿದಾಗ ಮಕ್ತುಮಸಾಬ ಶೀಟಿ ಊದಿ ತಾನೂ ಸೈಕಲ್ ಹತ್ತಿದ. ಐದು ಸೈಕಲ್ಲು, ಹತ್ತು ಜನ. ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಅಣ್ಣತಮ್ಮಂದಿರು ಬಾಣದ ಹಾಗೆ ಮುಂದೆ ಹೋದರು. ಮೂಡಗಾಳಿ ಎದುರಿಗೇ ಬೀಸುತ್ತಿತ್ತು. ಹೊಳಬಸಪ್ಪ ಹಲ್ಲು ಕಚ್ಚಿ ತುಳಿದ. ಸೈಕಲ್ ಜಗ್ಗಿತು, ನಿಂತಂತಾಯಿತು, ಮತ್ತೆ ಜಗ್ಗಿತು.

"ಲೇ, ಸೈಕಲ್ ಹೊಡ್ಯಾಕತ್ತೀಯೋ ಸೀರಿ ನೇಯಾಕತ್ತೀಯೋ?" ಹಿಂದಿನಿಂದ ತಿಮ್ಮಣ್ಣ ಒದರಿದ. "ಹೊಟ್ಟ್ಯಾಗ ಕರದಂಟು ಕುಣ್ಯಾಕತ್ತೈತಿ."

"ಅಷ್ಟು ತಿನ್ನು ಅಂದವರ್ಯಾರು?"

"ಚಲೋ ಇತ್ತಲೇ."

ಹುನಗುಂದ ಮುಟ್ಟುವ ಹೊತ್ತಿಗೆ ಅವರ ಹಿಂದೆ ಯಾರೂ ಇರಲಿಲ್ಲ. ಮಕ್ತುಮಸಾಬನ ಸೈಕಲ್ ಮುಂದೆ ಒಂದು ಚುಕ್ಕೆಯ ಹಾಗೆ ಕಾಣುತ್ತಿತ್ತು. ಹುಚ್ಚವ್ವನ ಮನೆಯ ಹತ್ತಿರ ಬರುತ್ತಲೇ ತಿಮ್ಮಣ್ಣ ಹೊಳಬಸಪ್ಪನ ಬೆನ್ನಿಗೆ ಗುದ್ದಿದ.

"ನಿಂದ್ರಸೋ! ನಿಂದ್ರಸೋ ಮಾರಾಯಾ! ಇಲ್ಲಂದ್ರ ಇಲ್ಲೇ ಮರ್ಯಾದಿ ಹೋಕ್ಕೈತಿ!"

ಸೈಕಲ್ ನಿಲ್ಲುವ ಮೊದಲೇ ಹಾರಿ, ಹುಚ್ಚವ್ವನ ಹಿತ್ತಲಿಗೆ ಓಡಿದ. ಓಡುವಾಗ ತಂಬಿಗೆಯನ್ನು ತಾನೇ ಹುಡುಕಿಕೊಂಡ.

ಸಿದ್ದವ್ವ ರೊಟ್ಟಿ ಬಡಿಯುತ್ತಿದ್ದಳು. ಸದ್ದು ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಂಡ ಹ್ಯಾಂಡಲ್ ಹಿಡಿದು ರಸ್ತೆ ನೋಡುತ್ತ ನಿಂತಿದ್ದ. ಹಿತ್ತಲಿನಿಂದ ದನಿ ಬಂತು: "ಹೊಳಬಸು, ನಂದು ಇವತ್ತು ಮುಗ್ಯಾಂಗ ಕಾಣೂದಿಲ್ಲಪೋ. ನೀ ಹೋಗು!"

"ಹೆಂಗ ಹೋಗ್ಲಿ? ಇಬ್ಬರಿರಬೇಕು."

ಆಗಲೇ ಬಸ್ಸು ಬಂತು. ಮೇಲೆ ಗಂಟುಗಳು, ಕಿಟಕಿಯಲ್ಲಿ ಹನಮಪ್ಪನ ತಲೆ. "ಸುಸಲಾ ಉಣ್ಣಾಕ ಹೊಂಟೇನಲೇ! ನಿನ್ನ ಪಾಲಿಂದೂ ಉಣ್ತೇನಿ!" ಎಂದು ಕೂಗುತ್ತ ಧೂಳಿನಲ್ಲಿ ಮರೆಯಾದ.

ಹೊಳಬಸಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಸಿದ್ದವ್ವ ಅದನ್ನು ಗೋಡೆಯಿಂದ ತೆಗೆದಳು.

"ಹತ್ರಿ. ನಾ ಕುಂಡ್ರತೇನಿ."

"ನೀನಾ? ಮಂದಿ ಏನಂದಾರು?"

"ಲಗ್ನ ಆದಾಗ ಇದ ಕ್ಯಾರಿಯರ್ ಮ್ಯಾಲ ಕರಕೊಂಡು ಹೋದ್ರಿ. ಆವಾಗ ಮಂದಿ ಇರಲಿಲ್ಲೇನ್ರಿ?"

"ಅದು ಮದಿವಿ. ಇದು ರೇಸು."

"ಗಾಲಿ ಅವ ಅದಾವಲ್ರಿ."

ಒಳಗಿನಿಂದ ಹುಚ್ಚವ್ವ ಕೂಗಿದಳು. "ಏ ಸಿದ್ದಿ, ಹಂಚಿನ ಮ್ಯಾಲ ರೊಟ್ಟಿ ಐತಿ!"

"ನೀನ ತಿರುವಿ ಹಾಕ ಯವ್ವಾ! ನಾ ಇಳಕಲ್ಲಿಗೆ ಹೊಂಟೇನಿ!"

ಸೆರಗು ಸೊಂಟಕ್ಕೆ ಸಿಗಿಸಿ, ಒಂದು ಕಡೆ ಕಾಲು ಬಿಟ್ಟು ಕೂತಳು. ಹೊಳಬಸಪ್ಪನಿಗೆ ನಾಚಿಕೆ, ಭಯ, ಒಳಗೊಳಗೆ ಖುಷಿ. ತುಳಿದ. ಭಾರ ಹಗುರಾಗಿತ್ತು. ಆದರೆ ಸೈಕಲ್ ಮತ್ತೆ ಜಗ್ಗಿತು, ನಿಂತಂತಾಯಿತು, ಜಗ್ಗಿತು. ಊರು ದಾಟುವವರೆಗೆ ಸಿದ್ದವ್ವ ಚೈನು ತಡೆತಡೆದು ಮಾಡುವ ಸಪ್ಪಳ ಕೇಳಿದಳು. ಆ ಸಪ್ಪಳ ಆಕೆಗೆ ಗೊತ್ತಿದ್ದದ್ದು. ಮನೆಯಲ್ಲಿ ಗಂಡ ನೇಯುವಾಗ ಪಕ್ಕದಲ್ಲಿ ರಾಟಿ ತಿರುವಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವಳು ಆಕೆಯೇ.

"ರೀ, ಸೈಕಲ್ ಕುಂಟಾಂಗಿಲ್ರಿ" ಅಂದಳು. "ನಿಮ್ಮ ಕಾಲು ಕುಂಟತಾವ."

"ಏನು?"

"ಒಂದು ಕಾಲು ಒತ್ತತೀರಿ, ಆಮ್ಯಾಲ ತಡೀತೀರಿ. ಕೈ ಲಾಳಿ ಒಗೀಲಿ ಅಂತ ಕಾಲು ಕಾಯಾಕತ್ತಾವು. ಇಲ್ಲಿ ಲಾಳಿ ಎಲ್ಲೈತ್ರಿ?"

ಹೊಳಬಸಪ್ಪ ಕೆಳಗೆ ನೋಡಿದ. ಹೌದು. ಬಲಗಾಲು ಕೆಳಗಿಳಿದು ನಿಲ್ಲುತ್ತಿತ್ತು. ಎಸೆಯಲು ಇಲ್ಲದ ಲಾಳಿಗಾಗಿ, ಬಡಿಯಲು ಇಲ್ಲದ ಹಣಿಗೆಗಾಗಿ ಕಾಯುತ್ತಿತ್ತು. ಆಮೇಲೆ ಎಡಗಾಲು. ಅವನಿಗೆ ನಗು ಬಂತು.

"ಬಿಡು ಅಂದ್ರ ಬಿಡ್ತಾವೇನು? ಹುಟ್ಟಿದಾಗಿಂದ ರೂಢಿ."

"ಮಗ್ಗ ಮರೀರಿ. ರಾಟಿ ನೆನಸ್ರಿ. ರಾಟಿ ಎಲ್ಲಾರ ನಿಂತು ತಿರಗತೈತೇನ್ರಿ?"

ಸಿದ್ದವ್ವ ಅಂಗೈಯನ್ನು ಅವನ ಬೆನ್ನ ಮೇಲೆ ಇಟ್ಟು ಸುತ್ತಲೂ ತಿರುಗಿಸತೊಡಗಿದಳು, ರಾಟಿ ತಿರುವಿದ ಹಾಗೆ, ಎಲ್ಲಿಯೂ ನಿಲ್ಲಿಸದೆ. "ಗುರ್‍ರ್" ಎಂದು ಬಾಯಿಂದ ರಾಟಿಯ ಸಪ್ಪಳವನ್ನೂ ಮಾಡಿದಳು. ಅವನ ಕಾಲು ಮೊದಲು ಒಪ್ಪಲಿಲ್ಲ. ಎರಡು ಸಲ ಪೆಡಲು ತಪ್ಪಿತು. ಆಮೇಲೆ ಬೆನ್ನ ಮೇಲಿನ ಕೈ ಹೋದ ಕಡೆಗೆ ಕಾಲೂ ಹೋಯಿತು. ಜಗ್ಗುವುದು ನಿಂತಿತು. ಸೈಕಲ್ ಎಣ್ಣೆಯಲ್ಲಿ ಜಾರಿದ ಹಾಗೆ ಜಾರಿತು.

ಇಷ್ಟು ವರ್ಷ ತುಳಿದರೂ ಸೈಕಲ್ ಹೀಗೂ ಓಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎರಡೂ ಕಡೆ ಜೋಳದ ತೆನೆ ಹಿಂದಕ್ಕೆ ಓಡಿದವು. ದನ ಕಾಯುವವರು ಕೇಕೆ ಹಾಕಿದರು. ಗಾಡಿಯ ಮೇಲಿದ್ದ ಮುದುಕನೊಬ್ಬ "ಯಾರ ಮನಿ ಸೊಸಿನ ಓಡಿಸಿಕೊಂಡು ಹೊಂಟಿಯೋ ತಮ್ಮಾ?" ಅಂದ.

"ನಮ್ಮ ಮನಿಯಾಕಿ ರೀ ಯಜ್ಜಾ!" ಎಂದು ಹೊಳಬಸಪ್ಪ ಕೂಗಿದ. ಅಷ್ಟು ಜೋರಾಗಿ ಅವನು ಕೂಗಿದ್ದನ್ನು ಸಿದ್ದವ್ವ ಎಂದೂ ಕೇಳಿರಲಿಲ್ಲ.

ಇಳಕಲ್ಲು ಹತ್ತಿರವಾದಾಗ ಒಂದು ಏರು. ಮಕ್ತುಮಸಾಬ ಅಲ್ಲಿ ಎದ್ದು ನಿಂತು ತುಳಿಯುತ್ತಿದ್ದ. ಪಕ್ಕದಲ್ಲಿ ಗುರ್‍ರ್ ಸಪ್ಪಳ ಕೇಳಿ ತಿರುಗಿ ನೋಡಿದ. ನೋಡಿದವನು ಹ್ಯಾಂಡಲ್ ಬಿಟ್ಟು ಸ್ವಲ್ಪದರಲ್ಲೇ ಬೀಳುತ್ತಿದ್ದ.

"ಯಾ ಅಲ್ಲಾ! ತಿಮ್ಮಣ್ಣ ಯಾವಾಗ ಸೀರಿ ಉಟ್ಟ?"

"ಹಿಂದ ಬರ್ರಿ ಅಣ್ಣಾರ" ಅಂದಳು ಸಿದ್ದವ್ವ. "ಸುಸಲಾ ಉಳಿಸಿರ್ತೇವಿ."

ಖಾನಾವಳಿಯ ಮುಂದೆ ಜನ ಸೇರಿದ್ದರು. ಗಣಿಯ ಅಣ್ಣತಮ್ಮಂದಿರು ಗೆದ್ದು ಬಹಳ ಹೊತ್ತಾಗಿತ್ತು. ಹನಮಪ್ಪ ಎಲ್ಲರ ತಟ್ಟೆಗೂ ಬಡಿಸಿರೆಂದು ಅವಸರ ಮಾಡುತ್ತಿದ್ದ. "ಉಣ್ರಿ, ಉಣ್ರಿ! ನಾಚಬ್ಯಾಡ್ರಿ!" ಪಾತೇಲಿಯ ತಳಕ್ಕೆ ಸೌಟು ತಾಗುವ ಸದ್ದು ಹೊಳಬಸಪ್ಪನಿಗೆ ಓಣಿಯ ತಿರುವಿನಲ್ಲೇ ಕೇಳಿತು. ಸಿದ್ದವ್ವನಿಗೂ ಕೇಳಿತು. ಬೆನ್ನ ಮೇಲಿನ ಕೈ ಜೋರಾಗಿ ತಿರುಗಿತು, ಕಾಲೂ ಜೋರಾಗಿ ತಿರುಗಿದವು. ಹೊಳಬಸಪ್ಪ ನಿಲ್ಲಿಸಲು ಮರೆತ, ಸೈಕಲ್ ಕಟ್ಟೆಗೆ ಮುಂದಿನ ಗಾಲಿ ಬಡಿದೇ ನಿಂತಿತು.

ಬಸಲಿಂಗವ್ವ ಸೌಟು ಎತ್ತಿ ಹಿಡಿದಳು. ಅದರಲ್ಲಿ ಸುಸಲಾ ಇತ್ತು. ಪಾತೇಲಿಯ ತಳದಲ್ಲೂ ಸ್ವಲ್ಪ ಇತ್ತು.

"ಮುಟ್ಟಿದ!" ಅಂದಳು.

"ಅದೆಂಗ ಆಕ್ಕೈತ್ರಿ ಬಸಲಿಂಗವ್ವ?" ಹನಮಪ್ಪ ಎದ್ದು ನಿಂತ. "ಹೊಂಟಾಗ ತಿಮ್ಮಣ್ಣ, ಬಂದಾಗ ಹೆಂಡತಿ! ಹೆಣಮಕ್ಕಳು ರೇಸಿನ್ಯಾಗ ಕುಂಡ್ರೂದು ಎಲ್ಲಿ ಐತಿ?"

"ಕುಂಡ್ರಬಾರದಂತ ಎಲ್ಲಿ ಐತಿ? ಪಾತೇಲ್ಯಾಗ ಸುಸಲಾ ಇರಬೇಕು, ಸೈಕಲ್ ಮ್ಯಾಲ ಇಬ್ಬರಿರಬೇಕು. ಎಣಸು ನೀನ."

"ತಿಮ್ಮಣ್ಣನ ತೂಕ ಎಲ್ಲಿ, ಈಕಿ ತೂಕ ಎಲ್ಲಿ?"

ಅಷ್ಟರಲ್ಲಿ ಏದುಸಿರು ಬಿಡುತ್ತ ಮಕ್ತುಮಸಾಬ ಬಂದ. "ಸೋತವ ನಾನು. ನಾನ ಒಪ್ಪೇನಿ. ತಂಗಿ ತೂಕ ಕಡಿಮಿ ಖರೆ, ಆದ್ರ ಆ ಹಿಟ್ಟಿನ ಗಿರಣಿ ಹೊತ್ತು ಇಂವ ಹುನಗುಂದತನಕ ಬಂದಾನಲ್ಲ! ಅದು ಯಾರ ಲೆಕ್ಕಕ್ಕ?"

ಎಲ್ಲರೂ ನಕ್ಕರು. ಆಗ ಯಾರೋ ಹೊಳಬಸಪ್ಪನ ಬೆನ್ನು ನೋಡಿದರು. ಕರಿ ಅಂಗಿಯ ಮೇಲೆ ಜೋಳದ ಹಿಟ್ಟಿನ ದೊಡ್ಡ ಬಿಳಿ ಚಕ್ರ. ನಗು ಓಣಿಯ ಆ ತುದಿಯವರೆಗೆ ಹೋಯಿತು. ಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸಲಿಂಗವ್ವ ಕೊನೆಯ ಸೌಟು ಒಂದೇ ತಟ್ಟೆಗೆ ಹಾಕಿ ಗಂಡ ಹೆಂಡತಿಯ ನಡುವೆ ಇಟ್ಟಳು. ಮಕ್ತುಮಸಾಬನಿಗೆ ಖಾಲಿ ಪಾತೇಲಿ ತೋರಿಸಿದಳು.

ಮಧ್ಯಾಹ್ನದ ಬಸ್ಸಿನಿಂದ ತಿಮ್ಮಣ್ಣ ಇಳಿದ. ಮುಖ ಇಳಿದಿತ್ತು, ಆದರೆ ಕಣ್ಣಲ್ಲಿ ಬೆಳಕಿತ್ತು. ಹುಚ್ಚವ್ವ ಅನ್ನ ಮಜ್ಜಿಗೆ ಉಣಿಸಿ ಕಳಿಸಿದ್ದಳು. ಮಗಳು ಹಂಚಿನ ಮೇಲೆ ಬಿಟ್ಟುಬಂದ ರೊಟ್ಟಿಯನ್ನೂ ಕಟ್ಟಿಕೊಟ್ಟಿದ್ದಳು. ಅದು ಒಂದು ಕಡೆ ಕರಕಲಾಗಿತ್ತು.

"ಹನಮಪ್ಪಾ, ಬಸ್ಸಿನ್ಯಾಗ ಬುತ್ತಿ ಗಂಟು ಯಾರ ಹಂತ್ಯಾಕ ಇರತೈತಿ?"

"ನನ್ನ ತೊಡಿ ಮ್ಯಾಲ."

"ಹಂಗಾದ್ರ ಮುಂದಿನ ವರ್ಷ ನಾನ ಗಂಟಿನವ. ನೀ ಸೈಕಲ್ ಹತ್ತು."

ಹನಮಪ್ಪ ಅವನನ್ನು ತಬ್ಬಿಕೊಂಡ. ತೋಳು ಸುತ್ತ ಮುಟ್ಟಲಿಲ್ಲ.

ಮನೆಗೆ ಹೋಗುವಾಗ ಸಿದ್ದವ್ವ ಮತ್ತೆ ಹಿಂದೆಯೇ ಕೂತಳು. ಹೊಳಬಸಪ್ಪ ಶೀಟಿ ಹಾಕುತ್ತ ಹೋದ. ಬಿಳಿ ಚಕ್ರವನ್ನು ಝಾಡಿಸಲಿಲ್ಲ.

ಸೋಮವಾರ ಮಗ್ಗಕ್ಕೆ ಇಳಿದ. ಪಕ್ಕದಲ್ಲಿ ರಾಟಿ ಗುರ್‍ರ್ ಅನ್ನುತ್ತಿತ್ತು. ಬಲಗಾಲು ಒತ್ತಿದ. ಲಾಳಿ ಇನ್ನೂ ಕೈಯಲ್ಲೇ ಇರುವಾಗ ಎಡಗಾಲು ತಾನೇ ಕೆಳಗಿಳಿಯಿತು. ಪಟ್ ಎಂದು ಎಳೆ ಹರಿಯಿತು. ಸಿದ್ದವ್ವ ರಾಟಿ ನಿಲ್ಲಿಸಿ ಅವನ ಕಡೆ ನೋಡಿದಳು.

"ರೀ, ಇದು ಸೈಕಲ್ ಅಲ್ರಿ. ಇಲ್ಲಿ ಸ್ವಲ್ಪ ಕುಂಟ್ರಿ."