ನೇಗಿಲು ತಾಕದ ಮೂಲೆ

ಬಟವಾಡಿಯ ನನ್ನ ಟೈಲರಿಂಗ್ ಅಂಗಡಿಗೆ ಅಣ್ಣ ಫೋನ್ ಮಾಡಿದ. ಗುಬ್ಬಿ ಹತ್ತಿರದ ನಮ್ಮ ಹೊಲಕ್ಕೆ ಜೆಸಿಬಿ ಬಂದಿದೆ ಎಂದ.

"ಬರ್ಲಿ ಬುಡು, ಕರೆಂಟ್ ಟವರ್ ಬರುತ್ತೆ ಅಂತ ಗೊತ್ತಿತ್ತಲ್ಲ" ಎಂದೆ.

"ಅಪ್ಪನ ಮೇಲೇ ಗೂಟ ಹೊಡ್ದವ್ರೆ ಕಣೇ."

ಬ್ಲೌಸಿನ ಅಳತೆ ಕೊಡಲು ನಿಂತಿದ್ದವರನ್ನು ಹಾಗೇ ಬಿಟ್ಟು ಬಸ್ ಹತ್ತಿದೆ.

ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಕೂರಿಸಿ ಮಣ್ಣು ಮಾಡುವುದು. "ನನ್ ಮೇಲೆ ಸಿಮೆಂಟು ಸುರೀಬೇಡಿ" ಎಂದು ಅಪ್ಪ ಹೇಳಿದ್ದರಿಂದ ಹೊಲದ ಮೂಲೆಯ ಅವರ ಸಮಾಧಿಯ ಮೇಲೆ ಗದ್ದುಗೆ ಕಟ್ಟದೆ ಒಂದು ಬಿಲ್ವದ ಗಿಡ ನೆಟ್ಟಿದ್ದೆವು. ಆ ಮೂಲೆಗೆ ನೇಗಿಲು ತಾಕಿಸುವುದಿಲ್ಲ, ಟ್ರ್ಯಾಕ್ಟರ್ ಕೂಡ ಸುತ್ತಿ ಹೋಗುತ್ತದೆ. ಉತ್ತ ಹೊಲದಲ್ಲಿ ಉಳದೆ ಬಿಟ್ಟ ತುಂಡು ಕಂಡರೆ, ಅದೇನೆಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ.

ಕುಣಿಗಲ್ ಕಡೆಯಿಂದ ಬರುವ ಹೈಟೆನ್ಷನ್ ಲೈನಿಗೆ ಜಾಗ ನೋಡಲು ಬಂದ ಸರ್ವೆಯವರು ಮಾತ್ರ ಕೇಳಿದ್ದರಂತೆ: "ಇಲ್ಲೇನು ಬೆಳೀತೀರ?" "ಏನೂ ಇಲ್ಲ ಸಾರ್" ಎಂದನಂತೆ ನಮ್ಮ ಪುಣ್ಯಾತ್ಮ ಅಣ್ಣ. ಸುಳ್ಳೇನಲ್ಲವಲ್ಲ! ಬೆಳೆಗೆ ನಷ್ಟವಾಗಬಾರದು ಎಂದು ಅವರು ಆ ಮೂಲೆಯನ್ನೇ ಆರಿಸಿದ್ದರು. ಇವರ ಕಾಳಜಿಗಿಷ್ಟು ಬೆಂಕಿ ಹಾಕ!

ನಾನು ಹೋದಾಗ ಪಕ್ಕದ ತೆಂಗಿನ ತೋಟದ ಚಾಚಿ ಬಿಲ್ವದ ಗಿಡಕ್ಕೆ ಬೆನ್ನು ಕೊಟ್ಟು ಜೆಸಿಬಿ ಎದುರು ಕೂತಿದ್ದರು. ಕೊಬ್ಬರಿ ವ್ಯಾಪಾರದ ಮುಸ್ಲಿಂ ಮನೆಯವರು, ನಮ್ಮಪ್ಪನನ್ನು ಕೊನೆತನಕ ಅಣ್ಣ ಎಂದೇ ಕರೆದವರು. "ನನ್ ಮೇಲೆ ಹತ್ತುಸ್ಲಿ ನೋಡೋಣ! ಸತ್ತೋರ್ನ ಎಬ್ಬುಸ್ತಾರಾ ಇವ್ರು?" ಎಂದು ಕೂಗುತ್ತಿದ್ದರು. ನನ್ನ ಅಣ್ಣ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ನಾನು ಹೋಗಿ ಚಾಚಿಯ ಪಕ್ಕ ಕೂತೆ.

ಜನರ ತೊಂದರೆ ವಿಚಾರಿಸಲೆಂದು ಲೈನ್ ಎಳೆಯುವ ಕಂಪನಿ ನೇಮಿಸಿಕೊಂಡ ಹುಡುಗಿಯೊಬ್ಬಳು ಬಂದಳು. ಬಾಯಿಗೆ ಬಂದಂತೆ ಬೈದೆ. "ಇಷ್ಟೆಲ್ಲ ಓದಿದೀರಲ್ಲ, ಇಲ್ಲಿ ಯಾರಿದಾರೆ ಅಂತ ಒಂದು ಮಾತು ಕೇಳೋಕಾಗ್ಲಿಲ್ವಾ?" ಅವಳು ಚಪ್ಪಲಿ ಬಿಟ್ಟು ಬಂದು, "ತಪ್ಪಾಯ್ತು ಅಕ್ಕ, ಟವರ್ ಸರಿಸ್ತೀವಿ" ಎಂದಳು. ಮಾತಿಗೆ ತಪ್ಪಲಿಲ್ಲ. ಗೂಟ ಕಿತ್ತ ದಿನ ನಾನು ಗಳಗಳ ಅತ್ತೆ. ಚಾಚಿ ನನ್ನ ತಲೆ ಸವರಿದರು.

ಟವರ್ ನಮ್ಮ ಹೊಲದ ಇನ್ನೊಂದು ತುದಿಗೆ ಹೋಯಿತು. ಟವರ್ ಸರಿದರೆ ತಂತಿಯೂ ಸರಿಯುತ್ತದೆ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಈಗ ಅದು ಚಾಚಿಯ ತೋಟದ ಮೇಲೆ ಹಾಯಬೇಕು, ತಂತಿಯ ಕೆಳಗೆ ತೆಂಗು ಇರಕೂಡದು. ಅದೇ ಹುಡುಗಿ ಬಂದು, ಮುಖ ಸಣ್ಣದು ಮಾಡಿಕೊಂಡು ಹೇಳಿದಳು: ಮುಂದಕ್ಕೆ ಸರಿಸಿದರೆ ಊರ ಮನೆಗಳಿವೆ, ಮರ ಉಳಿಯಬೇಕಾದರೆ ಹಳೇ ಜಾಗವೊಂದೇ ದಾರಿ.

ಅಣ್ಣ ನನ್ನ ಮುಖ ನೋಡಿದ. ನಾನು ಬಿಲ್ವದ ಗಿಡದ ಕಡೆ ತಿರುಗಿದೆ. ಹುಡುಗಿ ಕಾದಳು, ಆಮೇಲೆ ಹೊರಟುಹೋದಳು.

ಮರ ಕಡಿಯುವವರು ಬಂದ ಬೆಳಿಗ್ಗೆ ಚಾಚಿ ಯಾರ ಎದುರೂ ಕೂರಲಿಲ್ಲ. ತೋಟದ ಬೇಲಿ ಹಿಡಿದು ನಿಂತಿದ್ದರು.

"ನಾನೇನ್ ಮಾಡ್ಲಿ ಚಾಚಿ?" ಎಂದೆ.

ಅವರು ಸಿಟ್ಟಾಗಲಿಲ್ಲ. "ನಿಮ್ಮಪ್ಪ ಇದ್ದಿದ್ರೆ ತಾವೇ ಎದ್ದು ಜಾಗ ಬಿಡೋರು ಕಣಮ್ಮ" ಎಂದರು.

ನಿಜ, ಬಿಡುತ್ತಿದ್ದರು. ಮೊದಲ ಮರ ಉರುಳುವವರೆಗೂ ನಾನು ಅಲ್ಲೇ ನಿಂತಿದ್ದೆ, ನಿಲ್ಲಿಸಿ ಎನ್ನಲಿಲ್ಲ.